ಕಡೆಯ ಊರಿನ ಕೊಸರು

ಗುರುವಾರವನ್ನು ಹೊತ್ತು ಓಡುವ ಸರದಿ ನಮ್ಮದು. ಸೋಮವಾರದವರು ಬೇರೆ, ಮಂಗಳವಾರದವರು ಬೇರೆ. ಭಾನುವಾರದವರು ಸೋಮಾರಿಗಳೆಂದು ಏಳೂ ಊರಿನಲ್ಲಿ ಹೆಸರಾದವರು, ಅವರ ಸುದ್ದಿ ಬೇಡ. ಹದಿನಾರು ವರ್ಷದಿಂದ ಗುರುವಾರಕ್ಕೆ ನಾವು ಮೂವರೇ. ಮುಂದೆ ಕಹಳೆ ಊದುತ್ತ ಓಡುವವರು ಖಾದರ್‌ಸಾಬರು. ಅರವತ್ತು ದಾಟಿದರೂ ಅವರ ಕಾಲಿನ ಕಸುವು ಕುಗ್ಗಿಲ್ಲ, ನಾಲಿಗೆಯಂತೂ ಕಾಲಿಗಿಂತ ಚುರುಕು. ನಡುವೆ ತಾಮ್ರದ ಕೊಡ ಹೊತ್ತು ಓಡುವವನು ಫಕೀರಪ್ಪ. ಹೆಗಲು ಅಗಲ, ಮಾತು ಕಡಿಮೆ. ಹಿಂದೆ ಸೌಟು ಹಿಡಿದು ಓಡುವವಳು ನಾನು, ದುಂಡವ್ವ. ಹೆಸರು ಕೇಳಿ ನಗಬೇಡಿ. ಹುಟ್ಟಿದಾಗ ದುಂಡಗಿದ್ದೆನಂತೆ, ಓಡಿ ಓಡಿ ಈಗ ಕಡ್ಡಿಯಾಗಿದ್ದೇನೆ.

ನಮ್ಮ ನಾಡು ಉದ್ದಕ್ಕೆ ಏಳು ಊರು. ಮೂಡಲ ದಂಡೆಯಲ್ಲಿ ಕೊಡಕ್ಕೆ ಹಗಲು ತುಂಬಿಕೊಂಡು ಹೊರಟರೆ ಪಡುವಲ ಬೆಟ್ಟದ ಬುಡದಲ್ಲಿರುವ ಕಡೆಯ ಊರಿನ ತನಕ ಒಂದೇ ಓಟ. ಪ್ರತಿ ಊರಿನ ಕಟ್ಟೆಗೂ ಹನ್ನೆರಡು ಸೌಟು, ಸೌಟಿಗೆ ಒಂದು ತಾಸು. ನಾನು ಸುರಿದು ಮುಗಿಸಿದ ಕೂಡಲೇ ಆ ಊರಲ್ಲಿ ಕೋಳಿ ಕೂಗುತ್ತದೆ, ಬಾಗಿಲುಗಳು ತೆರೆಯುತ್ತವೆ, ಗುರುವಾರ ಶುರುವಾಗುತ್ತದೆ. ಅಲ್ಲಿಯ ತನಕ ಬುಧವಾರ ಮುಗಿದ ಮೇಲಿನ ನಸುಕು. ಹೀಗಾಗಿ ನಾವು ಹೋದಲ್ಲೆಲ್ಲ ನಿನ್ನೆಯೇ. ತಿನ್ನಲು ಸಿಗುವುದೂ ನಿನ್ನೆಯದೇ: ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಹುಳಿ ಮಜ್ಜಿಗೆ.

ಊರಿಗೆ ಸುರಿದ ಹಗಲು ಊರವರಿಗೆ ಮಾತ್ರ, ಓಟದವರಿಗೆ ಅದು ತಾಗುವುದಿಲ್ಲ. ನಮಗೆಂದು ಕೊಡದಲ್ಲಿ ಬೇರೆ ಮೂರು ಸೌಟು ಇರುತ್ತದೆ, ತಲೆಗೊಂದು. ಕಡೆಯ ಊರು ಮುಗಿಸಿ, ಅಲ್ಲಿನ ಬೇವಿನ ಮರದ ಕೆಳಗೆ ನಮ್ಮ ಪಾಲನ್ನು ನಾವು ಸುರಿದುಕೊಳ್ಳುತ್ತೇವೆ. ಆ ಒಂದು ತಾಸೇ ನಮ್ಮ ಗುರುವಾರ. ಫಕೀರಪ್ಪನ ಹೆಂಡತಿ ಬಾಳವ್ವ ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ತಂದು ಎದುರಿಗೆ ಕೂರುತ್ತಾಳೆ. ನಾವು ಉಂಡು, ಹರಟಿ, ಕಾಲು ಚಾಚುವಷ್ಟರಲ್ಲಿ ತಾಸು ಮುಗಿದಿರುತ್ತದೆ. ಪಾಲು ಮುಗಿದವರಿಗೆ ಕುಳಿತಲ್ಲೇ ನಿದ್ದೆ, ಕೊಡದಲ್ಲಿ ಪಾಲಿರುವ ತನಕ ನಿದ್ದೆ ಸುಳಿಯುವುದಿಲ್ಲ. ಎಚ್ಚರಾಗುವುದು ಶುಕ್ರವಾರದ ಕಹಳೆಗೆ. ಆ ಒಂದು ತಾಸಿಗಾಗಿಯೇ ನಾನು ಇಷ್ಟು ವರ್ಷ ಓಡಿದ್ದೇನೆ ಎಂದರೂ ತಪ್ಪಿಲ್ಲ.

ಇನ್ನು ಕೊಸರಿನ ಮಾತು. ಹನ್ನೆರಡು ಸೌಟು ಬಿದ್ದ ಮೇಲೆ ಯಾವ ಊರವರೂ ಸುಮ್ಮನೆ ಹೋಗುವುದಿಲ್ಲ. "ಒಂಚೂರು ಕೊಸರು ಹಾಕವ್ವಾ" ಎನ್ನುತ್ತಾರೆ. ಒಬ್ಬರಿಗೆ ಮದುವೆ ಮೆರವಣಿಗೆ, ಒಬ್ಬರಿಗೆ ಹಪ್ಪಳ ಒಣಗಬೇಕು, ಒಬ್ಬರಿಗೆ ಬರೀ ಚಪಲ. ಬೇರೆ ದಿನದವರೂ ಹಾಕುತ್ತಾರೆ, ನಾನು ಅರ್ಧ ಸೌಟು ಹಾಕುತ್ತಿದ್ದೆ. "ದುಂಡವ್ವನ ಕೈ ದೊಡ್ಡದು" ಎಂದು ಆರು ಊರೂ ಹೊಗಳುತ್ತಿದ್ದವು. ಹೊಗಳಿಕೆ ಯಾರಿಗೆ ಕಹಿ? ಏಳನೆಯ ಊರಲ್ಲಿ ಹೊತ್ತು ಬೇಗ ಮುಳುಗುತ್ತದೆ ಎಂಬುದು ನನಗೂ ಗೊತ್ತಿತ್ತು. ಬೆಟ್ಟದ ಬುಡವಲ್ಲವೇ, ಹಾಗೇ ಇರುತ್ತದೆ ಎಂದು ಎಲ್ಲರ ಹಾಗೆ ನಾನೂ ಹೇಳಿಕೊಂಡಿದ್ದೆ.

ಆ ಗುರುವಾರ ಮೂಡಲ ದಂಡೆಯಲ್ಲಿ ಕೊಡದ ಬಾಯಿಗೆ ಬಟ್ಟೆ ಬಿಗಿಯುತ್ತಿದ್ದಾಗ ಫಕೀರಪ್ಪ ತಲೆ ಎತ್ತದೆ ಹೇಳಿದ: "ದುಂಡಕ್ಕಾ, ಇವತ್ತೊಂದು ದಿನ ಕೊಸರು ಹಾಕಬ್ಯಾಡ."

"ಯಾಕೋ?"

"ಬಾಳವ್ವ ಇವತ್ತ ಪರೀಕ್ಷಾ ಬರೀತಾಳ. ಇದು ಮೂರನೇ ಸಲ. ನಾಕನೇ ಸಲ ಕೂರಸೂದಿಲ್ಲ."

ಮಾಸ್ತರಿಕೆಯ ಪರೀಕ್ಷೆ ಅದು. ಕಡೆಯ ಊರಿನ ಶಾಲೆಗೆ ಬೀಗ ಬಿದ್ದು ಎಷ್ಟೋ ವರ್ಷವಾಗಿತ್ತು. ಮೇಲಿನ ಊರುಗಳ ಮಾಸ್ತರರು ಅಷ್ಟು ಮೋಟು ಹಗಲಿರುವ ಕಡೆ ಬರುವುದಿಲ್ಲ ಎನ್ನುತ್ತಿದ್ದರು. ಹಾಗಾದರೆ ನಾನೇ ಮಾಸ್ತರಾಗುತ್ತೇನೆ ಎಂದು ಬಾಳವ್ವ ಹೊರಟಿದ್ದಳು, ಮೂವತ್ತೆಂಟರ ವಯಸ್ಸಿನಲ್ಲಿ, ಎರಡು ಎಮ್ಮೆ ಕಟ್ಟಿಕೊಂಡು. ಪರೀಕ್ಷೆ ವರ್ಷಕ್ಕೊಮ್ಮೆ, ಗುರುವಾರವೇ. ಹತ್ತು ಪ್ರಶ್ನೆ. ಪೂರ್ತಿ ಹಗಲು ಬರೆಯಬೇಕು, ಹೊತ್ತು ಮುಳುಗಿದ ಕೂಡಲೇ ಪರೀಕ್ಷೆಯ ಸಾಹೇಬರು ಹಾಳೆ ಕಸಿದುಕೊಳ್ಳುತ್ತಾರೆ. ದೀಪ ಹಚ್ಚಿ ಬರೆದದ್ದು ಲೆಕ್ಕಕ್ಕಿಲ್ಲ. ಎರಡು ಸಲವೂ ಬಾಳವ್ವ ಎಂಟಕ್ಕೆ ನಿಂತಿದ್ದಳು.

"ಅಷ್ಟನ? ಹಾಕೂದಿಲ್ಲ ತಗೋ" ಎಂದೆ. ಅದೇನು ಮಹಾ ಎಂದೇ ಅಂದುಕೊಂಡಿದ್ದೆ.

ಮೊದಲನೆಯ ಊರಲ್ಲೇ ಗೊತ್ತಾಯಿತು ಅದು ಎಷ್ಟು ಮಹಾ ಎಂದು. ಹನ್ನೆರಡು ಸುರಿದು ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಟ್ಟೆಯ ಸುತ್ತ ನಿಂತಿದ್ದವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ಒಬ್ಬ ಅಜ್ಜಿ ನಕ್ಕು, "ಮರತೇನ ನಮ್ಮವ್ವಾ?" ಎಂದಳು. ಇಲ್ಲಬೇ, ಇವತ್ತು ಇಲ್ಲ ಎಂದೆ. ಅವಳ ನಗು ಹಾಗೇ ಮುಖದ ಮೇಲೆ ಉಳಿಯಿತು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವಳ ಹಾಗೆ. ನನಗೆ ಅಳು ಬಂದ ಹಾಗಾಯಿತು. ಬೈಸಿಕೊಳ್ಳುವುದು ನನಗೆ ರೂಢಿಯಿಲ್ಲ.

ಎರಡನೆಯ ಊರಲ್ಲಿ ರೂಢಿ ಮಾಡಿಸಿದರು. ಅಲ್ಲಿ ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರವಿದ್ದರು. ಇನ್ನರ್ಧ ತಾಸು ಬಿಸಿಲು ಬಿದ್ದರೆ ಚೀಲ ಕಟ್ಟಬಹುದಿತ್ತು. "ಹೋದ ವಾರ ಕೊಟ್ಟಾಕಿ ಈ ವಾರ ಯಾಕ ಕೊಡೂದಿಲ್ಲ? ನಿಮ್ಮಪ್ಪನ ಮನೀದೇನ ಹಗಲು?" ಎಂದು ಒಬ್ಬಳು ಸೆರಗು ಸಿಕ್ಕಿಸಿಕೊಂಡು ಬಂದಳು. ನಮ್ಮಪ್ಪನ ಮನೆಯದಲ್ಲ ಎಂದೇ ಕೊಡುತ್ತಿಲ್ಲ ಎನ್ನಬೇಕೆಂದು ಹೊಳೆದದ್ದು ಊರು ದಾಟಿ ಅರ್ಧ ಹರದಾರಿ ಓಡಿದ ಮೇಲೆ. ನನಗೆ ಉತ್ತರ ಯಾವಾಗಲೂ ತಡವಾಗಿಯೇ ಹೊಳೆಯುವುದು. ಆ ಊರವರು ನಮಗೆ ಕಟಕ್ ರೊಟ್ಟಿಯನ್ನೂ ಕೊಡಲಿಲ್ಲ. ಮೂರು, ನಾಲ್ಕನೆಯ ಊರಿಗೆ ನಮಗಿಂತ ಮುಂಚೆ ಮಾತು ಹೇಗೆ ಹೋಗಿತ್ತೋ ಕಾಣೆ, ಅಲ್ಲಿ ಮಜ್ಜಿಗೆಯ ಗಡಿಗೆಯನ್ನು ಒಳಗೆ ಇಟ್ಟುಬಿಟ್ಟಿದ್ದರು.

"ಹದಿನಾರು ವರ್ಷದಾಗ ಮೊದಲ ಸಲ ಗುರುವಾರದವರು ಉಪವಾಸ" ಎಂದರು ಖಾದರ್‌ಸಾಬರು ಓಡುತ್ತಲೇ. "ಏ ದುಂಡವ್ವಾ, ನೀ ಕಡ್ಡಿ ಆದದ್ದು ಸಾಲೂದಿಲ್ಲ ಅಂತ ನನ್ನೂ ಕಡ್ಡಿ ಮಾಡಾಕ ಹೊಂಟಿಯಲ್ಲ."

"ಚಾಚಾ, ಸುಮ್ನ ಓಡ್ರಿ."

ನಾಲ್ಕು ಮತ್ತು ಐದನೆಯ ಊರಿನ ನಡುವೆ ಎರೆಹೊಲದ ದಾರಿ ಉದ್ದ. ಅಲ್ಲಿ ಮಾತಿಲ್ಲದೆ ಓಡುವಾಗ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತು. ಆರು ಊರಿಗೆ ಅರ್ಧರ್ಧ ಸೌಟೆಂದರೆ ಮೂರು ಸೌಟು. ಹನ್ನೆರಡರಲ್ಲಿ ಮೂರು ಹೋದರೆ ಒಂಬತ್ತು. ಅಷ್ಟಕ್ಕೇ ನಿಲ್ಲದೆ ಇನ್ನೊಂದು ನೆನಪಾಯಿತು. ಆರನೆಯ ಊರಿನ ಗೌಡರ ಮೊಮ್ಮಗಳ ತೊಟ್ಟಿಲ ದಿನ, ಹಾಡು ಮುಗಿಯಲಿಲ್ಲವೆಂದು ಅರ್ಧದ ಜಾಗದಲ್ಲಿ ಒಂದೂವರೆ ಸೌಟು ಸುರಿದಿದ್ದೆ. ಗೌಡಶಾನಿ ಖುಷಿಯಾಗಿ ಖಣದ ಕುಬಸ ಕೊಟ್ಟಿದ್ದಳು. ಅವತ್ತು ನಮ್ಮ ಪಾಲು ಸುರಿದುಕೊಳ್ಳದೆ ಬಾಳವ್ವ ಬರುವ ಸಂಜೆಯ ತನಕ ಕಾದು, ಬೇವಿನ ಮರದ ಕೆಳಗೆ ಅದನ್ನು ಬಿಚ್ಚಿ ಬಿಚ್ಚಿ ತೋರಿಸಿದ್ದೆ. ಬಾಳವ್ವ ಅದರ ಅಂಚು ಮುಟ್ಟಿ, "ಚಲೋ ಐತಿ ಅಕ್ಕಾ" ಎಂದಿದ್ದಳು. ಅವಳ ಬೆರಳಿಗೆ ಮಸಿ ಹತ್ತಿತ್ತು. ಅದು ಅವಳ ಎರಡನೆಯ ಪರೀಕ್ಷೆಯ ದಿನವಾಗಿತ್ತು.

ಆ ಕುಬಸ ಈಗಲೂ ನನ್ನ ಮೈಮೇಲೇ ಇತ್ತು. ಓಡಿದ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. ನಾಚಿಕೆಗೆ ಮುಖ ಕಾದುಹೋಯಿತು. ನಾನು ಓಟ ಜೋರು ಮಾಡಿ ಫಕೀರಪ್ಪನ ಪಕ್ಕಕ್ಕೆ ಬಂದೆ.

"ತಮ್ಮಾ, ನಿನಗ ಗೊತ್ತಿತ್ತು. ಕೊಡ ಹೊತ್ತಾಂವ ನೀನು. ಎಷ್ಟು ಹಗುರಾತು ಅಂತ ನಿನಗ ಗೊತ್ತಾಗತಿತ್ತು."

"ಹೂಂ."

"ಮತ್ತ ಬಾಯಿ ಬಿಡಾಕ ಏನಾಗಿತ್ತು?"

ಅವನು ಕೊಡವನ್ನು ಬಲ ಹೆಗಲಿನಿಂದ ಎಡಕ್ಕೆ ಬದಲಿಸಿಕೊಂಡ. "ಊರೂರಾಗ ಮಂದಿ ನಿನ್ನ ಹೆಸರು ಹೇಳಿ ನಗತಿದ್ರು ಅಕ್ಕಾ. ನಿನಗೂ ಖುಷಿ ಆಗತಿತ್ತು. ಅದನ್ನ ಕಸೀಲಿ ಹೆಂಗ?"

ನನಗೆ ಅವನನ್ನು ಹೊಡೆಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಓಡಿದೆ. ಇನ್ನು ಕಲ್ಲು ಕರಗಿದರೂ ಒಂದು ಹನಿ ಹೆಚ್ಚಿಗೆ ಹಾಕುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡೆ.

ಆ ಆಣೆ ಐದನೆಯ ಊರಿನ ತನಕ ಬಾಳಿತು. ಅಲ್ಲಿ ಕಟ್ಟೆಯ ಹತ್ತಿರ ಜನವೇ ಇರಲಿಲ್ಲ. ಒಬ್ಬ ಹೆಂಗಸು ಮಾತ್ರ ನಿಂತಿದ್ದಳು, ತಲೆಗೂದಲು ಕೆದರಿ, ಪಾದವೆಲ್ಲ ಕಲ್ಲು ಚುಚ್ಚಿ ಗಾಯ. ಅವಳ ಅಪ್ಪ ಅರಳುಮರಳಿನ ಮುದುಕ, ಬುಧವಾರ ಮನೆಯಿಂದ ಹೊರಗೆ ಹೋದವನು ತಿರುಗಿ ಬಂದಿರಲಿಲ್ಲ. ಊರವರೆಲ್ಲ ಕಲ್ಲಿನ ಕಣಿವೆಯ ಕಡೆ ಹೋಗಿ ಬೆಳಕಿಗಾಗಿ ಕಾಯುತ್ತಿದ್ದರು.

"ಕಣಿವಿ ದೊಡ್ಡದೈತಿ ಎವ್ವಾ" ಎಂದಳು ಆಕೆ. "ಹನ್ನೆರಡು ತಾಸಿನಾಗ ಮುಗಿಯೂದಿಲ್ಲ. ನಿನ್ನಿ ನೋಡೀವಿ, ಅರ್ಧಾನೂ ಆಗಲಿಲ್ಲ. ಒಂದ ಸೌಟು ಹೆಚ್ಚಿಗಿ ಹಾಕು. ನಿನ್ನ ಕೈ ದೊಡ್ಡದಂತ ಎಲ್ಲಾರೂ ಅಂತಾರ."

ನಾನು ಹನ್ನೆರಡು ಸುರಿದೆ. ಸೌಟು ಕೈಯಲ್ಲೇ ನಿಂತಿತು. ಆಕೆಯ ಮುಖ ನೋಡುವ ಧೈರ್ಯವಾಗದೆ ಖಾದರ್‌ಸಾಬರ ಕಡೆ ನೋಡಿದೆ. ಅವರು ಕಹಳೆಯನ್ನು ಒರೆಸುವ ನೆಪ ಮಾಡಿಕೊಂಡು ಬೆನ್ನು ತಿರುಗಿಸಿದರು. ಆಗ ಕೊಡದ ಬಾಯಿ ತಾನಾಗಿ ನನ್ನ ಕಡೆ ವಾಲಿತು. ವಾಲಿಸಿದವನು ಫಕೀರಪ್ಪ.

"ಹಾಕಕ್ಕಾ" ಎಂದ.

"ಬಾಳವ್ವ..."

"ಆಕೀನ ಇಲ್ಲಿ ನಿಂತಿದ್ರೂ ಹಾಕು ಅಂತಿದ್ಲು."

ಒಂದು ಸೌಟು ಹಾಕಿದೆ. ಹೆಂಗಸು ಹೊಗಳಲಿಲ್ಲ, ಕೈ ಮುಗಿಯಲೂ ಇಲ್ಲ, ಕಣಿವೆಯ ಕಡೆ ಓಡಿಬಿಟ್ಟಳು. ನಾನು ಅಷ್ಟು ವರ್ಷ ಹಾಕಿದ ಕೊಸರಿನಲ್ಲಿ ಬೇಕಾಗಿ ಹಾಕಿದ್ದು ಅದೊಂದೇ ಇರಬೇಕು. ಆದರೆ ಅದೂ ಬಾಳವ್ವನ ಹಗಲಿನಿಂದಲೇ ಹೋಯಿತು.

ಆರನೆಯ ಊರಲ್ಲಿ ಗೌಡರು ಕಟ್ಟೆಯ ಮೇಲೆ ಜಮಖಾನೆ ಹಾಸಿ ಕುಳಿತಿದ್ದರು. ಅವತ್ತು ಅವರ ಮನೆಯಲ್ಲಿ ಮದುವೆಯಿಲ್ಲ, ತೊಟ್ಟಿಲಿಲ್ಲ. ಕೊಸರು ಬೇಕಾದದ್ದು ಬೇರೆ ಊರಿಗೆ ಸಿಕ್ಕಿದ್ದು ತಮಗೂ ಸಿಗಬೇಕೆಂಬ ಒಂದೇ ಕಾರಣಕ್ಕೆ. ನಾನು ಇಲ್ಲವೆಂದೆ.

"ಐದನೇ ಊರಿಗೆ ಒಂದು ಸೌಟು ಬಿದ್ದೈತಂತ ಇಲ್ಲೀತನಕ ಸುದ್ದಿ ಬಂದೈತಿ" ಎಂದರು ಗೌಡರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಆ ಖಣ ನಮ್ಮ ಮನೀದಲ್ಲೇನು?" ಎಂದರು. ನಾಲ್ಕು ಜನ ನಕ್ಕರು.

ಒಂದು ಸಲವಾದರೂ ಉತ್ತರ ಹೊತ್ತಿಗೆ ಸರಿಯಾಗಿ ಹೊಳೆಯಿತು. "ಹೌದ್ರಿ ಗೌಡ್ರ, ನಿಮ್ಮದ. ಇದನ್ನ ತೊಟ್ಟೀನಿ ಅಂತನ ಇವತ್ತ ಕೊಡೂದಿಲ್ಲ. ಇದರ ಬೆಲಿ ಎಷ್ಟಂತ ಇವತ್ತ ತಿಳೀತು." ಗೌಡರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವಷ್ಟು ಹೊತ್ತು ನಮಗೂ ಇರಲಿಲ್ಲ. ಖಾದರ್‌ಸಾಬರು ಕಹಳೆಯನ್ನು ಗೌಡರ ಕಿವಿಯ ಹತ್ತಿರವೇ ಊದಿ ಓಟ ಕಿತ್ತರು, ನಾವು ಅವರ ಹಿಂದೆ.

ಕಡೆಯ ಊರಿಗೆ ಏರು ದಾರಿ. ಹೊರಟಾಗಿನಿಂದ ಹೊಟ್ಟೆಗೆ ಹಿಡಿ ಅವಲಕ್ಕಿಯೂ ಬಿದ್ದಿರಲಿಲ್ಲ. ನನ್ನ ಮೀನಖಂಡ ಸೆಟೆದುಕೊಂಡು ಎರಡು ಸಲ ಮುಗ್ಗರಿಸಿದೆ. ಖಾದರ್‌ಸಾಬರು ಕಹಳೆಯ ಪಟ್ಟಿಯ ಒಂದು ತುದಿ ನನ್ನ ಕೈಗೆ ಕೊಟ್ಟು ಇನ್ನೊಂದನ್ನು ಹಿಡಿದು ಎಳೆದುಕೊಂಡು ಹೋದರು. ಅಷ್ಟು ದೂರ ಅವರು ಒಂದೂ ಚೇಷ್ಟೆ ಮಾಡಲಿಲ್ಲ. ಅವರಿಗೂ ಸುಸ್ತಾಗಿದೆ ಎಂದು ನನಗೆ ಗೊತ್ತಾದದ್ದು ಅದರಿಂದಲೇ.

ಊರು ಕಟ್ಟೆಯ ಸುತ್ತ ನಿಂತಿತ್ತು. ಶಾಲೆಯ ಬೀಗ ತೆಗೆದು, ಕಿಟಕಿಯ ಹತ್ತಿರ ಬಾಳವ್ವನಿಗೊಂದು ಮಣೆ ಹಾಕಿದ್ದರು. ಪರೀಕ್ಷೆಯ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ನಾನು ಸುರಿಯತೊಡಗಿದೆ. ಊರವರು ಪ್ರತಿ ಗುರುವಾರದ ಹಾಗೆ ಸಣ್ಣ ದನಿಯಲ್ಲಿ ಎಣಿಸತೊಡಗಿದರು. ಏಳು, ಎಂಟು, ಒಂಬತ್ತು. ಒಂಬತ್ತಕ್ಕೆ ಎಣಿಕೆ ನಿಂತಿತು. ಅಲ್ಲಿಂದ ಮುಂದೆ ಎಣಿಸುವ ಅಭ್ಯಾಸ ಆ ಊರಿಗೆ ಇರಲಿಲ್ಲ. ಕೆಲವರು ಮನೆಯ ಕಡೆ ತಿರುಗಿಯೂ ಬಿಟ್ಟಿದ್ದರು. ಹತ್ತನೆಯದು ಬಿದ್ದಾಗ ಅವರೆಲ್ಲ ತಿರುಗಿ ನಿಂತರು. ಹನ್ನೊಂದನೆಯದು ಬಿದ್ದಾಗ ಒಬ್ಬ ಮುದುಕ ಕಟ್ಟೆಗೆ ಕೈ ಊರಿ ಕುಳಿತುಬಿಟ್ಟ.

ಕೊಡದಲ್ಲಿ ಉಳಿದದ್ದು ನಮ್ಮ ಮೂರು ಸೌಟು.

"ನನಗ ಮೊಣಕಾಲು ಭಾಳ ನೋಯಾಕತ್ತೈತಿ" ಎಂದರು ಖಾದರ್‌ಸಾಬರು. "ಇವತ್ತ ಹರಟಿ ಹೊಡ್ಯಾಕ ಆಗೂದಿಲ್ಲ, ಮಲಗತೀನಿ. ನಂದು ಹಾಕಿಬಿಡು ದುಂಡವ್ವಾ."

ಹನ್ನೆರಡನೆಯದನ್ನು ಹಾಕಿದೆ. ಖಾದರ್‌ಸಾಬರು ಬೇವಿನ ಮರದ ಬುಡಕ್ಕೆ ಒರಗುವ ಮುಂಚೆಯೇ ಅವರಿಗೆ ನಿದ್ದೆ ಹಿಡಿದಿತ್ತು. ಫಕೀರಪ್ಪ ಅವರ ತಲೆಯ ಕೆಳಗೆ ತನ್ನ ಟವೆಲ್ಲು ಮಡಚಿ ಇಟ್ಟ.

ಪೂರ್ತಿ ಹನ್ನೆರಡಾಗಿತ್ತು. ಅಲ್ಲಿಗೇ ಬಿಡಬಹುದಿತ್ತು. ನಾನು ಕಟ್ಟೆಯ ಸುತ್ತ ನೋಡಿದೆ. ಮಿಕ್ಕ ಆರು ಊರಲ್ಲಿ ಈ ಹೊತ್ತಿಗೆ ನನ್ನ ಸೆರಗು ಜಗ್ಗುತ್ತಿದ್ದರು. ಇಲ್ಲಿ ಒಬ್ಬರೂ ಕೊಸರು ಎನ್ನಲಿಲ್ಲ. ಕೇಳಬಹುದೆಂಬುದೇ ಅವರಿಗೆ ಗೊತ್ತಿರಲಿಲ್ಲ. ನಾನು ಸೌಟನ್ನು ಮತ್ತೆ ಕೊಡಕ್ಕೆ ಇಳಿಸಿದೆ.

ಫಕೀರಪ್ಪ ನನ್ನ ಮಣಿಕಟ್ಟು ಹಿಡಿದ. "ಸಾಕಕ್ಕಾ. ಹಾಕೂದಿದ್ರ ನಂದು ಹಾಕು."

"ನಿಂದು ಬ್ಯಾಡ. ಆಕಿ ಬರದು ಹೊರಗ ಬಂದಾಗ ಯಾರರ ಎಚ್ಚರಿರಬೇಕಲ್ಲೋ. ಕೊಡದಾಗ ನಿನ್ನ ಸೌಟು ಇರೂತನಕ ನಿನಗ ನಿದ್ದಿ ಬರೂದಿಲ್ಲ. ಕಾದಿದ್ದು, ಆಕಿ ಬಂದಮ್ಯಾಲ ಸುರಕೊ. ಬಿಸಿ ರೊಟ್ಟಿ ನನ್ನ ಪಾಲಿಂದೂ ನೀನ ತಿನ್ನು."

ಹದಿಮೂರನೆಯ ಸೌಟು ಕಟ್ಟೆಯ ಮೇಲೆ ಬಿತ್ತು. ಕುಳಿತಿದ್ದ ಮುದುಕ, "ಇದೇನವ್ವಾ?" ಎಂದ.

"ಕೊಸರು, ಎಜ್ಜಾ" ಎಂದೆ.

ಕೋಳಿ ಕೂಗಿದ್ದು ಕೇಳಿತು. ಕಿಟಕಿಯಲ್ಲಿ ಬಾಳವ್ವ ಹಾಳೆಯ ಮೇಲೆ ತಲೆ ಬಗ್ಗಿಸಿದ್ದು ಕಂಡಿತು. ಆಮೇಲಿನದು ನನಗೆ ಗೊತ್ತಿಲ್ಲ. ಸೌಟು ಕೈಯಲ್ಲಿರುವಾಗಲೇ ನಿದ್ದೆ ಹೋಗಿದ್ದೆನಂತೆ.

ಎಚ್ಚರಾದದ್ದು ಶುಕ್ರವಾರದವರ ಕಹಳೆಗೆ. ಯಾರೋ ನನ್ನ ಕಾಲಿಗೆ ಎಣ್ಣೆ ಹಚ್ಚಿ ಕಂಬಳಿ ಹೊದಿಸಿದ್ದರು. ಆ ಕಡೆ ಖಾದರ್‌ಸಾಬರು, ಈ ಕಡೆ ಫಕೀರಪ್ಪ ಇನ್ನೂ ಗೊರಕೆಯಲ್ಲಿದ್ದರು. ಶುಕ್ರವಾರದ ಸೌಟಿನವಳು ಕಟ್ಟೆಗೆ ಸುರಿದು ನನ್ನ ಹತ್ತಿರ ಬಂದಳು. ಐದನೆಯ ಊರಿನ ಮುದುಕ ಸಿಕ್ಕನಂತೆ, ಕಾಲು ಮುರಿದಿತ್ತಂತೆ, ಜೀವಕ್ಕೆ ಏನೂ ಆಗಿಲ್ಲವಂತೆ. ಅಷ್ಟು ಹೇಳಿ, "ಮಿಕ್ಕ ಊರವರು ನಿನಗ ಭಾಳ ಬೈದಾರ" ಎಂದೂ ಸೇರಿಸಿ ನಡೆದಳು.

ಬಾಳವ್ವ ಬುಟ್ಟಿ ಹಿಡಿದು ಬಂದಳು. ಬಿಸಿ ರೊಟ್ಟಿಯ ವಾಸನೆಗೆ ಖಾದರ್‌ಸಾಬರ ಗೊರಕೆ ತಾನಾಗಿ ನಿಂತಿತು. ಅವಳು ನನ್ನ ಎದುರಿಗೆ ಕುಳಿತು, ರೊಟ್ಟಿಯ ಮೇಲೆ ಎಣ್ಣೆಗಾಯಿ ಹಾಕಿ ನನ್ನ ಕೈಗಿಟ್ಟಳು. ನಾನು ಬಾಯಿಗಿಡಲಿಲ್ಲ.

"ಎಷ್ಟು ಬರದಿ?"

"ಹತ್ತೂ ಬರದ್ನಿ ಅಕ್ಕಾ."

ನನ್ನ ಕಣ್ಣು ತುಂಬಿ ಬಂತು. ಅವಳು ಇನ್ನೂ ಮುಗಿಸಿರಲಿಲ್ಲ.

"ಹತ್ತೂ ಮುಗಿಸಿ ಪೆನ್ನು ಕೆಳಗಿಟ್ಟು ಕಿಟಕ್ಯಾಗ ನೋಡಿದ್ರ ಬಿಸಲು ಇನ್ನೂ ಐತಿ. ಏನು ಮಾಡಬೇಕಂತ ತಿಳೀಲಿಲ್ಲ. ಊರ ಮಂದೀನೂ ಹಂಗ, ಕೆಲಸಾ ಎಲ್ಲಾ ಮುಗಿಸಿ ಬೀದ್ಯಾಗ ಬಂದು ಸುಮ್ನ ನಿಂತಿದ್ರು. ನಾ ಮತ್ತ ಮೊದಲಿಂದ ಓದಾಕ ಹತ್ತಿದ್ನಿ. ಮೂರನೇದರಾಗ ಒಂದು ತಪ್ಪಿತ್ತು."

"ಏನು ತಪ್ಪು?"

"ಒಂದು ಹಗಲಿಗೆ ಎಷ್ಟು ತಾಸು ಅಂತ ಪ್ರಶ್ನೆ" ಎಂದಳು ಬಾಳವ್ವ. "ಹೋದ ಎರಡು ಸಲಾನೂ ಅದ ಪ್ರಶ್ನೆ ಬಂದಿತ್ತು. ಒಂಬತ್ತು ಅಂತ ಬರದಿದ್ನಿ. ಪುಸ್ತಕದಾಗ ಹನ್ನೆರಡು ಅಂತ ಇತ್ತು, ಅಚ್ಚಿನ ತಪ್ಪು ಅನಕೊಂಡಿದ್ನಿ. ಈ ಸಲಾನೂ ಮುಂಜಾನೆ ಕುಂತ ಕೂಡಲೇ ಒಂಬತ್ತು ಅಂತನ ಬರದುಬಿಟ್ಟಿದ್ನಿ ನೋಡು."

"ಆಮ್ಯಾಲ?"

"ಹೊಡದು ಹಾಕಿದ್ನಿ. ಹದಿಮೂರು ಅಂತ ಬರೀಬೇಕೇನಂತ ಒಂದು ಗಳಿಗಿ ಪೆನ್ನು ಹಿಡಕೊಂಡು ಕುಂತೆ." ಅವಳು ನನ್ನ ಕೈಯಲ್ಲಿದ್ದ ರೊಟ್ಟಿಯನ್ನು ಮುರಿದು ನನ್ನ ಬಾಯಿಯ ಹತ್ತಿರ ತಂದಳು. "ಕೊಸರು ಲೆಕ್ಕಕ್ಕ ಬರೂದಿಲ್ಲಲ್ಲ ಅಕ್ಕಾ, ಅದಕ್ಕ ಹನ್ನೆರಡು ಅಂತ ಬರದ್ನಿ."